ಮಂತ್ರಿ ಕಂದೀಲಯ್ಯನ ಕೋಟು

ನಮ್ಮೂರಿನಲ್ಲಿ ತಲೆ ನೆಟ್ಟಗಿರುವವರು ಯಾರೂ ವೇಷಮೇಳಕ್ಕೆ ಹೋಗುವುದಿಲ್ಲ ಎಂದು ನಾನು ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದೆ. ಹಾಗೆ ಹೇಳಿದಾಗಲೆಲ್ಲ ನನ್ನ ಗಂಡ ವಾಮನರಾಯರು ಮಜ್ಜಿಗೆ ಅನ್ನ ಕಲಸುತ್ತಾ "ಹೌದೌದು" ಅನ್ನುತ್ತಿದ್ದರು. ಆ ಹೌದೌದನ್ನು ನಂಬಿ ನಾನು ಕೆಟ್ಟೆ. ಹೋದ ವರ್ಷ ಆಫೀಸಿನವರ ಮನೆಯ ಗೃಹಪ್ರವೇಶ ಅಂತ ಹೇಳಿ ಬೆಳಿಗ್ಗೆ ಹೊರಟ ಮನುಷ್ಯ, ಸಂಜೆ ಬಾಗಿಲಲ್ಲಿ ಮೀನಾಗಿ ನಿಂತಿದ್ದರು.

ಮೀನು ಅಂದರೆ ಚೆಂದದ ಮೀನೂ ಅಲ್ಲ. ತಲೆಯಿಂದ ಕುತ್ತಿಗೆಯವರೆಗೆ ಬೂದು ಚಿಪ್ಪುಗಳ ಮುಸುಕು, ಅದರ ತೆರೆದ ಬಾಯೊಳಗಿಂದ ಇಣುಕುವ ಅವರ ಮುಖ, ಹಣೆಯಿಂದ ಮುಂದಕ್ಕೆ ಬಾಗಿದ ಒಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಉರಿಯುತ್ತಿದ್ದ ಪುಟ್ಟ ಕಂದೀಲು. ಮೈಮೇಲೆ ಮೊಣಕಾಲು ಮುಟ್ಟುವ ಕೆಂಪು ಮಖಮಲ್ಲಿನ ಕೋಟು, ಅದರ ಗುಂಡಿಗಳೂ ಒಂದಕ್ಕೊಂದು ತಪ್ಪಿ ಮೇಲೆ ಕೆಳಗಾಗಿದ್ದವು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ, ನಾಲ್ಕು ಜನರೆದುರು ಸೀನುವುದಕ್ಕೂ ನಾಚುವ ಮನುಷ್ಯನ ಅವತಾರ ಇದು! ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು. ನನ್ನ ಬಾಯಿಂದ ಏನೋ ಕೇಳಬೇಕು ಅಂತ ಕಾದಂತಿತ್ತು.

"ಏನ್ರೀ ಇದು, ಸಂತೇಲಿ ಉಳಿದ ಮೀನು!" ಅಂದೆ. "ಮೊದ್ಲು ಒಳಗೆ ಬನ್ನಿ, ಯಾರಾದ್ರೂ ನೋಡಿದ್ರೆ ಮಾನ ಹೋಗತ್ತೆ."

ಕೋಟು ಕಿರ್ ಎಂದು ಒಂದು ಬೆರಳಷ್ಟು ಬಿಗಿಯಿತು.

ಹೊರಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ಮೇಳದ ಬಾಗಿಲು ದಾಟಿದ ಮೇಲೆ ಮೈಮೇಲಿನ ವೇಷ ಕಳಚುವುದಿಲ್ಲ. ಕತ್ತರಿ ಹಾಕಿದರೆ ಕತ್ತರಿಯೇ ಮೊಂಡಾಗುತ್ತದೆ. ಯಾರಾದರೊಬ್ಬರು ನೋಡಿ, ತಾವಾಗಿಯೇ ಗುರುತು ಹಿಡಿದು, ಅದು ಯಾರ ವೇಷವೋ ಅವರ ಹೆಸರು ಕೂಗಬೇಕು, ಆಗ ಬಿಡುತ್ತದೆ. ತಪ್ಪು ಹೆಸರು ಕೂಗಿದರೆ ಬಿಗಿಯುತ್ತದೆ. ಹೇಳಿಕೊಟ್ಟ ಹೆಸರು ಕೂಗಿದರೂ ಬಿಗಿಯುತ್ತದೆ, ಒಳಗಿರುವವರ ಸ್ವಂತ ಹೆಸರು ಕೂಗಿದರೂ ಬಿಗಿಯುತ್ತದೆ. ಮುಂದಿನ ಮೇಳದ ಕೊನೆಯ ಗಂಟೆ ಹೊಡೆಯುವುದರೊಳಗೆ ಯಾರೂ ಗುರುತಿಸದಿದ್ದರೆ ಆಮೇಲೆ ಅದು ಕಳಚುವುದೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಿಠಾಯಿ ಮಾರುವ ಪೆಂಗ್ವಿನ್ ಮೇಷ್ಟ್ರು ಒಂದು ಕಾಲದಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಅವರು ಯಾವ ಪೆಂಗ್ವಿನ್ ಅಂತ ಈಗ ಊರಿಗೆಲ್ಲ ಗೊತ್ತು, ಏನು ಪ್ರಯೋಜನ? ಬ್ರಶ್ಶು ಹಿಡಿಯುವ ಬೆರಳು ರೆಕ್ಕೆಯೊಳಗೆ ಉಳಿದುಹೋಯಿತು.

ಇಷ್ಟೆಲ್ಲ ಗೊತ್ತಿದ್ದೂ ಜನ ಹೋಗುತ್ತಾರೆ. ಬುದ್ಧಿವಂತರು ಎಲ್ಲರಿಗೂ ಗೊತ್ತಿರುವ ವೇಷವನ್ನೇ ಹಾಕುತ್ತಾರೆ, ಬಾಗಿಲು ದಾಟಿದ ಕೂಡಲೇ ಯಾರೋ ಕೂಗುತ್ತಾರೆ, ಫೋಟೋ ತೆಗೆಸಿಕೊಂಡು, ಐಸ್‌ಕ್ರೀಮ್ ತಿಂದು, ವೇಷ ಮಡಚಿಕೊಂಡು ಮನೆಗೆ ಬರುತ್ತಾರೆ. ನನ್ನ ಗಂಡನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು!

"ಯಾರ ವೇಷ ಅಂತನಾದ್ರೂ ಬೊಗಳ್ರಿ" ಅಂದೆ ಅವತ್ತು. ಸಿಟ್ಟು ಬಂದರೆ ನನ್ನ ಬಾಯಿ ಹೀಗೇ.

ಅವರು ಬೆರಳು ಮುಚ್ಚಿದ್ದ ತೋಳನ್ನು ಮೇಲಕ್ಕೆಳೆದುಕೊಂಡರು. ಆಮೇಲೆ, "ಮಂತ್ರಿ ಕಂದೀಲಯ್ಯ" ಅಂದರು.

ನಾವು ಚಿಕ್ಕವರಿದ್ದಾಗ ನಮ್ಮೂರಿನ ವಾರಪತ್ರಿಕೆಯ ಕೊನೆಯ ಪುಟದಲ್ಲಿ 'ಕ್ಯಾಪ್ಟನ್ ಚಂಡಮಾರುತ' ಅನ್ನುವ ಚಿತ್ರಕಥೆ ಬರುತ್ತಿತ್ತು. ನೀಲಿ ಕೋಟು, ದಪ್ಪ ಮೀಸೆ, ಮೊಣಕಾಲಿನವರೆಗಿನ ಬೂಟಿನ ಕ್ಯಾಪ್ಟನ್ ಹಡಗು ನಡೆಸುತ್ತಿದ್ದ. ಸಮುದ್ರರಾಜನ ಮಂತ್ರಿ ಈ ಕಂದೀಲಯ್ಯ. ಹಣೆಯಲ್ಲಿ ದೀಪ, ಮೈಮೇಲೆ ಕೆಂಪು ಕೋಟು, ಬಾಯಿ ತೆರೆದರೆ ಭಾಷಣ, ಹಿಂದೆ ಕೊಡೆ ಹಿಡಿದು ಓಡುವ ಒಬ್ಬ ಬಡಪಾಯಿ ಆಳು. ಪತ್ರಿಕೆ ಮುಚ್ಚಿ ಕಾಲವಾಯಿತು. ಹಳೇ ಸಂಚಿಕೆಗಳೆಲ್ಲ ಕಡಲೆಪುರಿ ಕಟ್ಟುವುದಕ್ಕೆ ಹೋದವು. ಈಗಿನ ಯಾವ ಮಗುವಿಗೆ ಆ ಹೆಸರು ಗೊತ್ತು?

ಒಂದು ವರ್ಷ ಆ ಮೀನಿನ ಜೊತೆ ಬಾಳಿದೆ. ಆಡಿಕೊಳ್ಳಲಿಲ್ಲ ಅಂತ ಹೇಳಲಾರೆ, ದಿನಾ ಆಡಿಕೊಂಡೆ. ಕಂದೀಲು ಆರುತ್ತಿರಲಿಲ್ಲ, ಹಾಗಾಗಿ ಕತ್ತಲೆ ಅನ್ನುವುದನ್ನೇ ನಮ್ಮ ಮಲಗುವ ಕೋಣೆ ಮರೆತಿತ್ತು. ಕರೆಂಟು ಹೋದ ಕೂಡಲೇ ಪಕ್ಕದ ಮನೆ ಇಂದುಮತಿ ಸೊಪ್ಪಿನ ಕಟ್ಟು ಹಿಡಿದುಕೊಂಡು ಬಂದು, "ಇವರೇ, ಸ್ವಲ್ಪ ಈ ಕಡೆ ತಿರುಗಿ" ಅಂತ ನನ್ನ ಗಂಡನ ಹಣೆಯ ಬೆಳಕಿನಲ್ಲಿ ಸೊಪ್ಪು ಸೋಸುತ್ತಿದ್ದಳು. ವೇಷ ಕಳಚದವರನ್ನು ನಮ್ಮೂರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, 'ಇವರೇ' ಅನ್ನುತ್ತಾರೆ. ಅಂಚೆ ಕಚೇರಿಯವರೂ ಅವರಿಗೆ ಕತ್ತಲೆ ಉಗ್ರಾಣದ ಕೆಲಸ ಕೊಟ್ಟರು, ಬಲ್ಬಿನ ಖರ್ಚು ಉಳಿಯಿತಲ್ಲ! ನಾನು ಮಾತ್ರ ದಿನಾ ಬೆಳಿಗ್ಗೆ ಆ ಕೋಟಿನ ಗುಂಡಿ ಸರಿಮಾಡಲು ಎಳೆದಾಡುತ್ತಿದ್ದೆ. ಅಂಗಿಯ ಗುಂಡಿಯನ್ನೂ ಅವರು ಯಾವತ್ತೂ ಸರಿಯಾಗಿ ಹಾಕಿದವರಲ್ಲ, ಮದುವೆಯಾದಾಗಿನಿಂದ ನಾನೇ ಸರಿಮಾಡಿ ಕಳಿಸಿದ್ದು. ಈ ಗುಂಡಿ ಮಾತ್ರ ಅಲುಗಾಡುತ್ತಿರಲಿಲ್ಲ. "ವೇಷ ಹಾಕೋಕೂ ನಿಮಗೆ ನೆಟ್ಟಗೆ ಬರಲ್ಲ" ಅಂತ ಬೈಯುತ್ತಿದ್ದೆ. ಅವರು ಆಗಲೂ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಶಾಲೆಯಲ್ಲಿ ಪಾಠಕ್ಕೆ ಹೊತ್ತಾಗುತ್ತಿತ್ತು.

ಕಳ್ಳದಾರಿಗಳನ್ನೂ ನೋಡಿದೆ. ತರಕಾರಿ ಗಾಡಿಯವನಿಗೆ ಹೆಸರನ್ನು ಕಿವಿಯಲ್ಲಿ ಹೇಳಿ ಕೂಗಿಸಿದೆ, ಕೋಟು ಬಿಗಿಯಿತು. ಬಾಯಿಬಿಟ್ಟು ಹೇಳದೆ, ಕಥೆ ಮಾತ್ರ ಹೇಳಿ, ಶಾಲೆಯ ಪ್ಯೂನ್ ಬಾಯಿಂದ ಹೆಸರು ಹೊರಡಿಸಿದೆ. ಆಗಲೂ ಬಿಗಿಯಿತು. ಹೇಳಿಕೊಟ್ಟದ್ದು ವೇಷಕ್ಕೆ ಗೊತ್ತಾಗುತ್ತದೆ ಅಂದುಕೊಂಡೆ. ವರ್ಷ ಮುಗಿಯುವ ಹೊತ್ತಿಗೆ ಅವರು ಅರ್ಧ ಚಪಾತಿ ತಿಂದು ತಟ್ಟೆ ಸರಿಸುತ್ತಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೆರಡು ಬೆರಳು ಬಿಗಿದರೆ ಉಸಿರೇ ನಿಲ್ಲುತ್ತದೆ ಅಂತ ಡಾಕ್ಟರು ಹೇಳಿದರು. ಅಂದು ನಾನು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಅವರಿಗೆ ಗೊತ್ತಾಗಬಾರದು ಅಂತ ಆಮೇಲೆ ಹೊರಗೆ ಬಂದು ಇನ್ನೊಂದು ಸಲ ಬೈದೆ.

ಉಳಿದದ್ದು ಒಂದೇ ದಾರಿ. ಈ ವರ್ಷದ ಮೇಳ. ಮೀನೊಂದನ್ನೇ ನೋಡಿದರೆ ಯಾರಿಗೂ ಗುರುತು ಸಿಗುವುದಿಲ್ಲ. ಪಕ್ಕದಲ್ಲಿ ಕ್ಯಾಪ್ಟನ್ ಚಂಡಮಾರುತ ನಿಂತಿದ್ದರೆ? ನಮ್ಮ ವಯಸ್ಸಿನ ಯಾವನಾದರೂ ಒಬ್ಬನಿಗೆ ನೆನಪಾಗದೇ ಇರುತ್ತದೆಯೇ? ಕ್ಯಾಪ್ಟನ್ ಆಗುವುದಕ್ಕೆ ಯಾರನ್ನು ಕೇಳಲಿ? ಕೇಳಿದರೆ ಹೇಳಿಕೊಟ್ಟಂತಾಗುತ್ತದೆ. ಹಾಗಾಗಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ, ಮಕ್ಕಳು ಹೆಸರು ಕೇಳಿದರೆ ಬೆವರುವ ಮಂದಾಕಿನಿ ಎಂಬ ನಾನು, ಹಳೇ ಸ್ವೆಟರಿನ ಕಪ್ಪು ಉಣ್ಣೆಯಲ್ಲಿ ಮೀಸೆ ಹೆಣೆದೆ. ಕಿಟಕಿ ಪರದೆ ಕತ್ತರಿಸಿ ನೀಲಿ ಕೋಟು ಹೊಲಿದೆ. ತೋಟಗಾರಿಕೆ ಇಲಾಖೆಯ ರಬ್ಬರ್ ಬೂಟು ತಂದು, ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡೆ.

"ಬೇಡ ಮಂದಾ" ಅಂದರು ಅವರು. "ನೀನೂ ಸಿಕ್ಕಿಹಾಕ್ಕೊಂಡ್ರೆ?"

"ನಿಮ್ಮ ಹಾಗೆ ದಡ್ಡತನಕ್ಕೆ ಹೋಗ್ತಿಲ್ಲ ನಾನು, ಕೆಲಸಕ್ಕೆ ಹೋಗ್ತಿರೋದು. ನಡೀರಿ."

ಮೇಳ ನಡೆಯುವುದು ಹಳೇ ಹಂಚಿನ ಕಾರ್ಖಾನೆಯಲ್ಲಿ. ಒಳಗೆ ಕಾಲಿಟ್ಟೆ. ಅಬ್ಬಬ್ಬಾ, ಆ ದೃಶ್ಯ! ಥರ್ಮೋಕೋಲ್ ಕತ್ತಿ ಹಿಡಿದ ದಾಂಡಿಗರು, ಗುಲಾಬಿ ಕೂದಲಿನ ಹುಡುಗಿಯರು, ಹೊಟ್ಟೆ ಮುಂದೆ ಬಂದಿರುವ ಅಪ್ಪಂದಿರು ಬಿಗಿಯಾದ ಬೆಳ್ಳಿ ಚಡ್ಡಿಯಲ್ಲಿ. 'ಮಿಂಚುಗುದುರೆ' ಸೀರಿಯಲ್ಲಿನ ನಾಯಕನೇ ಒಂದು ಬಸ್ಸು ತುಂಬುವಷ್ಟಿದ್ದ. ಒಬ್ಬ ಮಿಂಚುಗುದುರೆ ಇನ್ನೊಬ್ಬ ಮಿಂಚುಗುದುರೆಯನ್ನು ನೋಡಿ, "ಅಯ್ಯೋ, ಮಿಂಚುಗುದುರೆ!" ಅಂತ ಆಶ್ಚರ್ಯಪಟ್ಟು ಕೂಗುವುದು, ಆ ಇನ್ನೊಬ್ಬನೂ ಹಾಗೇ ಕೂಗುವುದು, ಇಬ್ಬರ ವೇಷವೂ ಸಡಿಲವಾಗುವುದು, ಇಬ್ಬರೂ ಅಪ್ಪಿಕೊಂಡು ಫೋಟೋ ತೆಗೆಸಿಕೊಳ್ಳುವುದು. ಗೊತ್ತಿದ್ದದ್ದನ್ನೇ ಗುರುತಿಸಿ ಇಷ್ಟು ಖುಷಿಪಡುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ. ನಮ್ಮ ಬ್ಯಾಂಕ್ ಮ್ಯಾನೇಜರು ಬಾಲ ಅಲ್ಲಾಡಿಸುತ್ತಾ ಓಡಾಡುತ್ತಿದ್ದರು. ನನ್ನನ್ನು ಕಂಡವರೇ ಕಂಬದ ಮರೆಗೆ ಹೋದರು, ಬಾಲ ಮಾತ್ರ ಹೊರಗೆ ಉಳಿಯಿತು.

ನನ್ನ ಮರ್ಯಾದೆಯೂ ಬೇಗನೇ ಹೋಯಿತು. ಒಂಬತ್ತನೇ ತರಗತಿಯ ಮೂರು ಹುಡುಗಿಯರು ಎದುರಿಗೆ ಬಂದು ಕಣ್ಣರಳಿಸಿದರು. "ಮಂದಾಕಿನಿ ಮಿಸ್!" ಅಂತ ಕಿರುಚಿದರು. ಬೆಲ್ಟು ಒಂದು ಬೆರಳು ಬಿಗಿಯಿತು. ಹೊಟ್ಟೆ ಹಿಸುಕಿದ ನೋವು ಎಂಥದ್ದು ಅಂತ ಆಗ ಗೊತ್ತಾಯಿತು. ಪಕ್ಕಕ್ಕೆ ತಿರುಗಿ ನೋಡಿದೆ. ಇಂಥದ್ದನ್ನು ಒಂದು ವರ್ಷ, ಅದೆಷ್ಟು ಸಲವೋ, ಈ ಮನುಷ್ಯ ಚಕಾರ ಎತ್ತದೆ ತಡೆದುಕೊಂಡಿದ್ದರು.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜೋಡಿಯಾಗಿ ನಿಂತೆವು. ಜನ ನೋಡುತ್ತಿದ್ದರು, ತಲೆ ಕೆರೆಯುತ್ತಿದ್ದರು, ಮುಂದೆ ಹೋಗುತ್ತಿದ್ದರು. ಮೇಳದಲ್ಲಿ ತಪ್ಪು ಹೆಸರು ಕೂಗಿದವರ ಬಾಯಿಗೆ ಸ್ವಯಂಸೇವಕರು ಬಿಳಿ ಕರವಸ್ತ್ರ ಕಟ್ಟುತ್ತಾರೆ, ಗಂಟೆ ಹೊಡೆಯುವವರೆಗೆ ಮತ್ತೆ ಮಾತಾಡುವಂತಿಲ್ಲ. ಅದು ದೊಡ್ಡ ಅವಮಾನ. ಹಾಗಾಗಿ ಖಚಿತವಾಗಿ ಗೊತ್ತಿಲ್ಲದೆ ಯಾರೂ ಬಾಯಿ ಬಿಡುವುದಿಲ್ಲ. ಇಲ್ಲಿ ಮಾತ್ರ ಇಷ್ಟು ಶಿಸ್ತು, ಈ ಮುಂಡೇವಕ್ಕೆ!

ಸೂರ್ಯ ಇಳಿಯತೊಡಗಿದ. ಪೆಂಗ್ವಿನ್ ಮೇಷ್ಟ್ರು ಮಿಠಾಯಿ ತಟ್ಟೆ ಹೊತ್ತು ನಮ್ಮ ಮುಂದೆಯೇ ಹಾದುಹೋದರು. ನನ್ನ ಗಂಡನನ್ನು ನೋಡಿ, ತಟ್ಟೆಯಿಂದ ಒಂದು ಮಿಠಾಯಿ ತೆಗೆದು ಅವರ ಕೈಗಿಟ್ಟು ಹೋದರು. ತಮ್ಮ ಜಾತಿಗೆ ಸೇರುವವರನ್ನು ಕಂಡ ಹಾಗಿತ್ತು ಅವರ ನೋಟ.

ಗಂಟೆಗೆ ಇನ್ನೇನು ಸ್ವಲ್ಪವೇ ಹೊತ್ತು ಅನ್ನುವಾಗ, ದಪ್ಪ ಕನ್ನಡಕದ ಒಬ್ಬ ಮುದುಕರು ಮೊಮ್ಮಗಳ ಕೈ ಹಿಡಿದು ಬಂದರು. ಬೇರೆ ಊರಿನವರಿರಬೇಕು, ನಾನು ಎಂದೂ ನೋಡಿರಲಿಲ್ಲ. ನನ್ನ ಮೀಸೆ ನೋಡಿದರು, ಬೂಟು ನೋಡಿದರು. ಮುಖ ಚಿಕ್ಕ ಮಗುವಿನದಾಯಿತು. ನನ್ನ ಕಡೆಯಿಂದ ಮೀನಿನ ಕಡೆಗೆ ತಿರುಗಿ, ಕೋಲು ಎತ್ತಿ, ತುಂಬು ದನಿಯಲ್ಲಿ ಕೂಗಿದರು.

"ಎಲಾ ಇವನ! ಮಂತ್ರಿ ಕಂದೀಲಯ್ಯ!"

ಅಯ್ಯೋ ದೇವರೇ, ಅಂತೂ ಬಂತು ಅಂದುಕೊಂಡೆ. ಕೋಟು ಕಿರ್ ಎಂದಿತು. ನನ್ನ ಗಂಡ ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದರು.

ಮುದುಕರು ಬೆಚ್ಚಿ, "ತಪ್ಪಾಯ್ತಾ? ಕಂದೀಲಯ್ಯನೇ ಅಲ್ವೇ?" ಅನ್ನುತ್ತಿರುವಾಗಲೇ ಸ್ವಯಂಸೇವಕ ಓಡಿಬಂದು ಅವರ ಬಾಯಿಗೆ ಕರವಸ್ತ್ರ ಕಟ್ಟಿಬಿಟ್ಟ. ಪಾಪ, ಕಣ್ಣಲ್ಲಿ ನೀರು ತುಂಬಿ, ನನ್ನ ಕಡೆ ಬೆರಳು ತೋರಿಸುತ್ತಲೇ ಇದ್ದರು. ನನ್ನ ವೇಷದ ಹೆಸರು ಅವರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಕೇಳುವಷ್ಟು ಪುರುಸೊತ್ತು ಆಗ ನನಗಿರಲಿಲ್ಲ.

ನಾನು ಮಂಡಿಯೂರಿ ಕೂತಿದ್ದೆ. ಆ ಮುದುಕರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾವಾಗಿಯೇ ಗುರುತಿಸಿದ್ದರು. ಆದರೂ ಬಿಗಿಯಿತು. ಅಂದರೆ ಇವರು ಕಂದೀಲಯ್ಯನೇ ಅಲ್ಲ.

"ರೀ, ಸುಳ್ಳು ಹೇಳಿದ್ರಾ ನನಗೆ? ಒಂದು ವರ್ಷ ಎಲ್ಲರ ಬಾಯಲ್ಲೂ ಆ ಹೆಸರೇ ಹೇಳಿಸಿದ್ನಲ್ರೀ, ಒಂದೊಂದು ಸಲಾನೂ ಬಿಗೀತಿತ್ತಲ್ಲ, ಬಾಯಿ ಬಿಡೋಕೆ ಆಗಲಿಲ್ವಾ? ಯಾರ್ರೀ ನೀವು?"

ಅವರಿಗೆ ಉಸಿರೇ ಇರಲಿಲ್ಲ. "ಹೇಳಿದ್ರೆ... ನೀನು ಕೂಗೋ ಹಾಗಿರಲ್ಲ" ಅಂದರು. "ಬೇರೆ ಯಾರು ಕೂಗಿದ್ರೂ... ನನಗೆ..." ಅಲ್ಲಿಗೆ ಮಾತು ನಿಂತಿತು. ಬಾಗಿಲಲ್ಲಿ ಮೊದಲ ದಿನ ನಿಂತಂತೆ, ನನ್ನ ಮುಖವನ್ನೇ ನೋಡುತ್ತಿದ್ದರು.

ಹಾಳಾಗಿ ಹೋಗಲಿ ನನ್ನ ಕಣ್ಣು! ಒಂದು ವರ್ಷ ಬೈದಿದ್ದೆ, ಎಳೆದಾಡಿದ್ದೆ, ಆಡಿಕೊಂಡಿದ್ದೆ, ನೋಡಿರಲಿಲ್ಲ. ಈಗ ನೋಡಿದೆ. ಕಂದೀಲಯ್ಯನ ಕೈಯಲ್ಲಿ ಬೆಳ್ಳಿಕೋಲು ಇರುತ್ತಿತ್ತು, ಇವರ ಕೈ ಖಾಲಿ. ಕಂದೀಲಯ್ಯನದು ಹೊಟ್ಟೆ ತುಂಬಿ ಬಿಗಿದ ಕೋಟು. ಈ ಕೋಟನ್ನು ಹೊಲಿಯುವಾಗ ಬೇರೆ ಯಾರದೋ ಅಳತೆಗೆ ಹೊಲಿದಿದ್ದರು, ತೋಳು ಬೆರಳು ಮುಚ್ಚುವಷ್ಟು ಉದ್ದ. ಮತ್ತೆ ಆ ಗುಂಡಿಗಳು. ಒಂದು ಮೇಲೆ, ಒಂದು ಕೆಳಗೆ, ಕತ್ತಲೆಯಲ್ಲಿ ಅವಸರದಿಂದ ಹಾಕಿದಂತೆ.

ಕತ್ತಲೆಯಲ್ಲಿ ಅವಸರದಿಂದ. ಆ ಚಿತ್ರಕಥೆಯ ಬಿರುಗಾಳಿಯ ವಾರ. ಹಡಗು ಇನ್ನೇನು ಬಂಡೆಗೆ ಬಡಿಯಬೇಕು, ಮಂತ್ರಿ ಹೆದರಿ ಮಂಚದ ಕೆಳಗೆ ಸೇರಿದ್ದಾನೆ. ಕೊಡೆ ಹಿಡಿಯುವ ಆಳು ಮಂತ್ರಿಯ ಕೋಟನ್ನೂ ದೀಪವನ್ನೂ ಎತ್ತಿ ತೊಟ್ಟುಕೊಂಡು, ಗುಂಡಿ ತಪ್ಪಾಗಿ ಹಾಕಿಕೊಂಡು, ಒಬ್ಬನೇ ನೀರಿಗಿಳಿದು ಹಡಗಿಗೆ ದಾರಿ ತೋರಿಸುತ್ತಾನೆ. ಆ ಒಂದು ವಾರ ಮಾತ್ರ. ಮುಂದಿನ ವಾರದಿಂದ ಅವನ ಚಿತ್ರ ಎಲ್ಲೂ ಬರಲಿಲ್ಲ, ಹೊಗಳಿಕೆಯೆಲ್ಲ ಮಂತ್ರಿಗೆ ಹೋಯಿತು.

ಅದರ ಜೊತೆಗೇ ಇನ್ನೊಂದೂ ನೆನಪಾಯಿತು. ಇವರು ನನ್ನನ್ನು ನೋಡಲು ಬಂದ ದಿನ. ದೊಡ್ಡವರೆಲ್ಲ ನಮ್ಮಿಬ್ಬರನ್ನು ಕಿಟಕಿಯ ಹತ್ತಿರ ಬಿಟ್ಟು ಕಾಫಿಗೆ ಹೋಗಿದ್ದರು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ನಿಂತ ಗಂಡು. ಆಡಿಕೊಳ್ಳುವ ನನ್ನ ಚಾಳಿ ಆಗಲೂ ಇತ್ತು. ಆ ಆಳಿನ ಹೆಸರು ಹೇಳಿ, ಒಳ್ಳೇ ಅವನ ಹಾಗೇ ಇದೀರಲ್ಲ ಅಂದಿದ್ದೆ. ಸಿಟ್ಟಾಗುತ್ತಾರೆ ಅಂದುಕೊಂಡರೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ನೀವೂ ಓದ್ತಿದ್ರಾ? ಅವನು ಯಾರಿಗೂ ನೆನಪಿಲ್ಲ ಅಂದ್ಕೊಂಡಿದ್ದೆ" ಅಂದಿದ್ದರು. ಆ ನಗು ನೋಡಿಯೇ ನಾನು ಒಪ್ಪಿದ್ದು. ಆಮೇಲೆ ಹೆಸರನ್ನೂ ಮರೆತೆ, ನಗುವನ್ನೂ ಮರೆತೆ. ಆ ಮನುಷ್ಯ ಮರೆತಿರಲಿಲ್ಲ.

ಸ್ವಯಂಸೇವಕ ಗಂಟೆಯ ಹಗ್ಗ ಹಿಡಿದಿದ್ದ. ಹೆಸರು ನಾಲಿಗೆಗೆ ಬರುತ್ತಿಲ್ಲ. ತಪ್ಪು ಹೇಳಿದರೆ ಇವರು ಇಲ್ಲೇ ಹೋಗುತ್ತಾರೆ. ಮಿಣಿ, ಮಿಂಚು, ಮಿಣ... ಕೈ ತಾನಾಗಿಯೇ ಅವರ ಎದೆಯ ಮೇಲಿನ ಗುಂಡಿಗೆ ಹೋಯಿತು, ದಿನಾ ಬೆಳಿಗ್ಗೆ ಹೋಗುವಂತೆ. ಗುಂಡಿ ಮುಟ್ಟಿದ ಕೂಡಲೇ ಕಿಟಕಿಯ ಪಕ್ಕದ ಆ ಹುಡುಗಿಯ ದನಿಯೇ ನನ್ನೊಳಗಿಂದ ಬಂತು.

"ಮಿಣುಕಪ್ಪ!" ಅಂತ ಕಿರುಚಿದೆ. "ರೀ, ನೀವು ಮಿಣುಕಪ್ಪ!"

ಗುಂಡಿ ನನ್ನ ಬೆರಳಿನಲ್ಲೇ ಬಿಚ್ಚಿಕೊಂಡಿತು. ಆಮೇಲೆ ಎರಡನೆಯದು, ಮೂರನೆಯದು. ಚಿಪ್ಪಿನ ಮುಸುಕು ಜಾರಿ ಬಿತ್ತು, ಕಂದೀಲು ಆರಿತು. ಅವರು ಒಂದು ವರ್ಷದ ಉಸಿರನ್ನು ಒಟ್ಟಿಗೇ ಎಳೆದುಕೊಂಡರು. ಒಳಗೆ ಹೋದ ವರ್ಷದ ಅದೇ ಬಿಳಿ ಅಂಗಿ, ಮುದ್ದೆಯಾಗಿ ಹಳದಿ ತಿರುಗಿತ್ತು. ಅದರ ಗುಂಡಿಯೂ ತಪ್ಪೇ. ನಾನು ಅಳುತ್ತಾ ಅದನ್ನು ಸರಿಮಾಡಿದೆ, ಉಣ್ಣೆಯ ಮೀಸೆಯೆಲ್ಲ ಒದ್ದೆಯಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಕರವಸ್ತ್ರ ಬಿಚ್ಚಿಸಿಕೊಂಡ ಮೇಲೆ ಕೂಗಿಸೋಣ ಅಂತ ಆ ಮುದುಕರನ್ನು ಹುಡುಕಿದರೆ, ಅವಮಾನಕ್ಕೆ ಅವರು ಕರವಸ್ತ್ರದ ಸಮೇತ ಆಗಲೇ ಸಂಜೆಯ ಬಸ್ಸು ಹತ್ತಿ ಹೋಗಿದ್ದರು. ನನ್ನ ಬೆಲ್ಟಿಗೆ ಕೈ ಹಾಕಿದೆ, ಕಲ್ಲು. ಮೀಸೆ ಎಳೆದೆ, ತುಟಿಯೇ ಎದ್ದುಬಂದಂತಾಯಿತು. ನನ್ನ ಗಂಡನಿಗೆ ನಾನು ಯಾರು ಅಂತ ಮೊದಲೇ ಹೇಳಿದ್ದೆನಲ್ಲ, ಅವರು ಕೂಗುವಂತಿಲ್ಲ. ಸೋಮವಾರ ಈ ಮೀಸೆ ಹೊತ್ತುಕೊಂಡೇ ಮಾರುತಗಳ ಪಾಠ ಮಾಡಬೇಕು. ಹಲ್ಲು ಕಿರಿಯಲಿ ಯಾವಳಾದರೂ, ನೋಡಿಕೊಳ್ಳುತ್ತೇನೆ.

ಮನೆಗೆ ನಡೆದು ಬಂದೆವು. ಅವರು ಪದೇಪದೇ ಎದೆ ತುಂಬ ಉಸಿರೆಳೆದುಕೊಳ್ಳುತ್ತಿದ್ದರು, ಕಳೆದುಹೋದದ್ದು ಸಿಕ್ಕಿತೋ ಅಂತ ಪರೀಕ್ಷಿಸುವವರ ಹಾಗೆ. ನಾನು ಟಪ್ ಟಪ್ ಅಂತ ಬೂಟು ಎಳೆಯುತ್ತಿದ್ದೆ. "ನಗ್ತಿದೀರಾ?" ಅಂತ ಗದರಿದೆ. "ಇಲ್ಲಪ್ಪ" ಅಂದರು, ನಗುತ್ತಲೇ ಇದ್ದರು.

ಇಂದುಮತಿ ಗೇಟಿನಲ್ಲೇ ನಿಂತಿದ್ದಳು. ನನ್ನ ಗಂಡನನ್ನು ನೋಡಿ ಬಾಯಿ ತೆರೆದಳು, ನನ್ನನ್ನು ನೋಡಿ ಇನ್ನೂ ಅಗಲವಾಗಿ ತೆರೆದಳು. ಕೆಳಗಿನಿಂದ ಮೇಲಕ್ಕೆ ಎರಡು ಸಲ ಅಳೆದು, ನನ್ನನ್ನು ಬಿಟ್ಟು ಅವರನ್ನೇ ಕೇಳಿದಳು.

"ಅಲ್ಲ ರಾಯರೇ, ಇದ್ಯಾರು?"

ನಾನು ಹೊಟ್ಟೆ ಒಳಗೆಳೆದುಕೊಂಡು, ಹಲ್ಲು ಕಚ್ಚಿ, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕ್ಯಾಪ್ಟನ್ ಅಂದರೂ ಮಂದಾಕಿನಿ ಅಂದರೂ, ಈ ಮನುಷ್ಯ ಏನು ಹೇಳಿದರೂ ಬಿಗಿಯಲೇಬೇಕು.

ಅವರು ನನ್ನ ಕಡೆ ತಿರುಗಿ, ಮೀಸೆಯಿಂದ ಬೂಟಿನವರೆಗೆ ನಿಧಾನವಾಗಿ ನೋಡಿದರು.

"ನಮ್ಮನೆಯವಳು" ಅಂದರು.

ಬೆಲ್ಟು ಒಂದು ಬೆರಳೂ ಬಿಗಿಯಲಿಲ್ಲ.